ಅಮ್ಮನ ಭುಜ

೯ ಆಗಸ್ಟ್ ೨೦೨೪, ಶುಕ್ರವಾರ, ದಬ್ಬೇಘಟ್ಟ. ತಿಪಟೂರಿನಲ್ಲಿ ಎಡಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಈಗ ಬಂದೆ.

ಅಪ್ಪ,

ಎರಡೇ ನಿಮಿಷದ ಕೆಲಸ. ಎರಡು ದಿನ ನೋವು ಹೆಚ್ಚಬಹುದು, ಆಮೇಲೆ ಕೆಲವು ತಿಂಗಳು ತಗ್ಗಿರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ ಎಂದರು ಡಾಕ್ಟರು.

ಅಮ್ಮನ ಭುಜಕ್ಕೂ ಇದನ್ನೇ ಬರೆದುಕೊಟ್ಟಿದ್ದರು. "ಚುಚ್ಚಿಸ್ಕಂಡ್ರೆ ಕೈ ಬಿದ್ದೋಯ್ತದೆ ಕಣೇ. ಕಾಯಿ ಸುಲೀತಿದ್ರೆ ತಾನೇ ಸಡ್ಲಾಯ್ತದೆ ಬುಡು" ಎಂದು ನೀನು ಚೀಟಿಯನ್ನು ಒಲೆಗೆ ಹಾಕಿದೆ. ಅದೇ ವರ್ಷ ನಿನ್ನ ಮಂಡಿಗೆ ಮಾತ್ರ ಇದೇ ಇಂಜೆಕ್ಷನ್ ಹಾಕಿಸಿಕೊಂಡೆ. ಅವಳು ಸಿಪ್ಪೆ ಸುಲಿಯಲು ನೆಟ್ಟ ಹಾರೆಗೆ ತೆಂಗಿನಕಾಯಿ ಕುಕ್ಕುವಾಗ ನರಳುವುದು ನಡುಮನೆಗೆ ಕೇಳುತ್ತಿತ್ತು. ನಾನು ಅಲ್ಲಿ ಕೂತು ರಷ್ಯನ್ ಕಾದಂಬರಿಯೊಂದರ ಅನುವಾದ ಓದುತ್ತಿದ್ದೆ. ಓದಿ ಮುಗಿಸಿದೆ ಕೂಡ.

ನೀನು ಸತ್ತು ಮೂರು ವರ್ಷ. ಅವಳು ಇವತ್ತೂ ಸುಲಿಯುತ್ತಿದ್ದಾಳೆ. ಸೋಮವಾರ ಅವಳನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೇನೆ. ಅವಳಿಗಿನ್ನೂ ಹೇಳಿಲ್ಲ. ಹೇಳಿದರೆ, "ನಿಮ್ಮಪ್ಪ ಬ್ಯಾಡ ಅಂದಿದ್ರು ಕಣೇ" ಅನ್ನುತ್ತಾಳೆ.