ಮೂವರು ಗ್ರಬ್‌ಗಳ ಮತ

1843, ಜೂನ್ 12. ಬೆಳಿಗ್ಗೆ.

ಸೈಲಸನ ಅಂಗಡಿಯಲ್ಲಿ ಕ್ಷೌರ. ಕೆನ್ನೆ ನುಣ್ಣಗಿದೆ, ತಲೆ ಮಾತ್ರ ಬಿಸಿ. ಅವನ ಹೆಂಡತಿ ಡಾರ್ಕಸಳ ಮೊಕದ್ದಮೆ ಇವತ್ತೇ, ಅವಳ ವಕೀಲ ನಾನು. ನಾನು ನಿಂತಿರುವ ಚುನಾವಣೆಗೆ ಎಂಟೇ ವಾರ. ಅವಳನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿದ್ದೇನೆಂದು ಅವಳ ಯಜಮಾನ ಮುದುಕ ಗ್ರಬ್ ಉಯಿಲು ಬರೆದು ಸತ್ತ. ಅವನ ಗಂಡುಮಕ್ಕಳು ಮೂವರೂ ಒಪ್ಪುತ್ತಿಲ್ಲ, ತೋಟದಲ್ಲೇ ಇಟ್ಟುಕೊಂಡಿದ್ದಾರೆ. ಸೈಲಸ್ ಸ್ವತಂತ್ರ. ಆದರೂ ಹೆಂಡತಿಯನ್ನು ನೋಡಲು ಭಾನುವಾರ ಮಾತ್ರ ಬಿಡುತ್ತಾರೆ.

ಕೇಸು ಗಟ್ಟಿಯಾಗಿದೆ. ಗೆಲ್ಲುತ್ತೇನೆ. ಗೆದ್ದರೆ ಗುಲಾಮರನ್ನು ಇಟ್ಟುಕೊಂಡವರ ಮತವೆಲ್ಲ ನನ್ನ ಎದುರಾಳಿ ಕರ್ನಲ್ ಕ್ರಚ್‌ಫೀಲ್ಡನ ಪಾಲು.

"ಇವತ್ತು ಮುಗಿದುಹೋಗ್ತದಾ ವಕೀಲ್ರೇ?" ಅಂದ ಸೈಲಸ್. ಕತ್ತಿ ಕುತ್ತಿಗೆಯ ಮೇಲಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಹೇಳಿ ಎದ್ದು ಬಂದೆ.

ಅದೇ ದಿನ, ಮಧ್ಯಾಹ್ನ 3.

ನವೆಂಬರಿಗೆ ಮುಂದೂಡಿಸಿದೆ. ನಾನೇ ಕೇಳಿಕೊಂಡೆ, ಸಾಕ್ಷಿಯೊಬ್ಬ ಬಂದಿಲ್ಲ ಎಂದು ನೆಪ ಹೇಳಿ. ನ್ಯಾಯಾಧೀಶರು ಮತ್ತೆ ಈ ಊರಿಗೆ ಬರುವುದು ಆಗಲೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಒಂದು ಮಾತು ಬಾಕಿ ಇತ್ತು. ತೀರ್ಪು ಬರುವ ತನಕ ಅವಳನ್ನು ಈ ಕೌಂಟಿಯ ಗಡಿ ದಾಟಿಸುವುದಿಲ್ಲವೆಂದು ಗ್ರಬ್‌ಗಳಿಂದ ಜಾಮೀನು ಬರೆಸಿಕೊಳ್ಳಬೇಕು. ಇಂಥ ಕೇಸಿನಲ್ಲಿ ಎಂಥ ದಡ್ಡ ವಕೀಲನೂ ಬರೆಸಿಕೊಳ್ಳುತ್ತಾನೆ. ಬಾಯಿ ತೆರೆದೆ. ಗ್ರಬ್‌ಗಳಲ್ಲಿ ಹಿರಿಯವ ಹೋರೇಸ್ ಹೆಗಲ ಮೇಲೆ ಕೈ ಹಾಕಿದ.

"ಲಾಂಗ್ಲಿ, ನಮ್ಮಮ್ಮ ನಿಮ್ಮಮ್ಮ ಚರ್ಚಿನಲ್ಲಿ ಒಂದೇ ಬೆಂಚಲ್ಲಿ ಕೂತೋರು. ನನ್ನ ಮಾತು ಸಾಲದೇನಯ್ಯಾ, ಕಾಗದ ಬೇಕಾ?"

ಸುತ್ತ ಇಡೀ ಊರಿನ ಮತದಾರರು. ಇಲ್ಲಿ ಗೌರವಸ್ಥ ಮಾತು ಕೊಟ್ಟ ಮೇಲೂ ಕಾಗದ ಕೇಳುವುದು ಅವನ ಕೆನ್ನೆಗೆ ಹೊಡೆದ ಹಾಗೆ. ಸಾಕು ಎಂದೆ.

ಜುಲೈ 4. ಸ್ವಾತಂತ್ರ್ಯ ದಿನ.

ಸ್ವಾತಂತ್ರ್ಯದ ಬಗ್ಗೆ ಎರಡು ಗಂಟೆ ಭಾಷಣ. ಗಂಟಲು ಕಟ್ಟಿದೆ. ಹಂದಿ ಸುಟ್ಟಿದ್ದರು, ಚೆನ್ನಾಗಿತ್ತು. ಬರುವಾಗ ಗಾಡಿಯಲ್ಲಿ ನನ್ನ ಹೆಂಡತಿ ಕೆಜಾಯಾ ಅಂದಳು: "ಲೋಕದಲ್ಲಿರೋರ ಬಿಡುಗಡೆಯೆಲ್ಲ ಹೇಳಿದ್ರಿ. ಡಾರ್ಕಸ್ ಹೆಸರು ಮಾತ್ರ ನೆನಪಾಗ್ಲಿಲ್ಲ ಅಲ್ವೇ?" ಹೆಂಗಸರಿಗೆ ಮತವಿಲ್ಲದ್ದು ಪುಣ್ಯ. ಇದ್ದಿದ್ದರೆ ನನ್ನ ಮನೆಯಲ್ಲೇ ಒಂದು ಖೋತಾ.

ಆಗಸ್ಟ್ 7. ಮತದಾನದ ಮೊದಲ ದಿನ.

ನ್ಯಾಯಾಲಯದ ಮೇಜಿನ ಆ ಕಡೆ ಕರ್ನಲ್, ಈ ಕಡೆ ನಾನು. ಮತದಾರ ಬಂದು ಎಲ್ಲರಿಗೂ ಕೇಳುವಂತೆ ಹೆಸರು ಕೂಗುತ್ತಾನೆ. ಗುಮಾಸ್ತ ಬರೆದುಕೊಳ್ಳುತ್ತಾನೆ. ಯಾರ ಹೆಸರೋ ಅವರು ಎದ್ದು, ಟೊಪ್ಪಿ ತೆಗೆದು, ಬಾಗಿ ಧನ್ಯವಾದ ಹೇಳಬೇಕು. ಒಬ್ಬೊಬ್ಬನಿಗೂ. ಮಂಡಿ ಹಿಡಿದುಕೊಂಡಿದೆ. ಕರ್ನಲ್ ಒಂಬತ್ತು ಮತ ಮುಂದೆ. ಊರೆಲ್ಲ ಇಲ್ಲೇ... ಹಬೆದೋಣಿ ನಿಲ್ಲುವ ನದಿಯ ದಡದಲ್ಲಿ ನಾಯಿಯೂ ಇಲ್ಲವಂತೆ.

ಆಗಸ್ಟ್ 9. ಮತದಾನದ ಕೊನೆಯ ದಿನ, ಸಂಜೆ.

ಗೆದ್ದೆ.

ಬಾಗಿಲು ಹಾಕುವ ಹೊತ್ತಿಗೆ ನಾನು ಒಂದು ಮತ ಹಿಂದೆ. ಆಗ ಮೂವರು ಗ್ರಬ್‌ಗಳೂ ಒಳಗೆ ಬಂದರು. ಕಥೆ ಮುಗಿಯಿತು ಅಂದುಕೊಂಡೆ. ಕರ್ನಲ್ ಆಗಲೇ ಅರ್ಧ ಎದ್ದಿದ್ದ.

"ರೂಫಸ್ ಲಾಂಗ್ಲಿ," ಅಂದ ಹೋರೇಸ್. ತಮ್ಮಂದಿರೂ ಅದೇ. ನನಗೇ ನಂಬಿಕೆ ಬರಲಿಲ್ಲ. ಗುಮಾಸ್ತ ಪ್ರತಿಯೊಬ್ಬನನ್ನೂ ಎರಡೆರಡು ಸಲ ಕೇಳಿದ.

ಹೋಗುವಾಗ ಹೋರೇಸ್ ಕಿವಿಯ ಹತ್ತಿರ ಬಂದ. "ಋಣ ತೀರಿಸಿದೆ ಕಣಯ್ಯಾ."

ಯಾವ ಋಣ? ಕೇಳುವಷ್ಟರಲ್ಲಿ ಜನ ಹೆಗಲ ಮೇಲೆ ಎತ್ತಿಕೊಂಡರು.

ಆಗಸ್ಟ್ 10. ಬೆಳಿಗ್ಗೆ 8.

ಸೈಲಸನ ಅಂಗಡಿ ಮುಚ್ಚಿದೆ. ಪಕ್ಕದ ಅಂಗಡಿಯಲ್ಲಿ ಕುದುರೆ ಜೀನು ಹೊಲಿಯುವವನನ್ನು ಕೇಳಿದೆ.

"ನಿಮಗೆ ಗೊತ್ತಿಲ್ವೇ? ಸೋಮವಾರ ಗ್ರಬ್‌ಗಳು ಡಾರ್ಕಸಳನ್ನ ಹಬೆದೋಣಿ ಹತ್ತಿಸಿಬಿಟ್ರಲ್ಲ. ದಕ್ಷಿಣಕ್ಕೆ, ನ್ಯಾಚೆಜ್‌ನ ಗುಲಾಮರ ಸಂತೆಗೆ, ಮಾರೋಕೆ. ಅವನಿಗೆ ನಿನ್ನೆ ಸಂಜೆ ತಿಳೀತು."

ಸೋಮವಾರ. ನಾನು ಟೊಪ್ಪಿ ತೆಗೆದು ತೆಗೆದು ಬಾಗುತ್ತಿದ್ದ ಸೋಮವಾರ.

ಬೀದಿಯಲ್ಲೇ ಕುಳಿತುಬಿಟ್ಟೆ. ಹಾದು ಹೋದವರೆಲ್ಲ ಅಭಿನಂದನೆ ಹೇಳಿದರು.

ಆಗಸ್ಟ್ 11.

ಹೋರೇಸನ ಮನೆಗೆ ಹೋದೆ. ಮಾತು ಕೊಟ್ಟಿದ್ದೆಯಲ್ಲ ಎಂದೆ. ಕುರ್ಚಿ ಹಾಕಿಸಿದ, ಹ್ಯಾಮ್ ಕೊಯ್ಯಿಸಿದ. "ವಕೀಲನಾಗಿ ಹೀಗೆ ಕೇಳ್ತೀಯಲ್ಲಯ್ಯಾ. ಕಾಗದ ಇದ್ಯಾ?"

ಇಲ್ಲ. ಅವನು ಋಣ ಎಂದದ್ದು ಇದನ್ನೇ, ನಾನು ಕೇಳದೆ ಬಿಟ್ಟ ಕಾಗದವನ್ನು. ಕಾನೂನು ಪುಸ್ತಕವನ್ನೆಲ್ಲ ತಿರುವಿದೆ. ಕಾಗದವಿಲ್ಲದೆ ಅವನನ್ನು ಹಿಡಿಯುವ ದಾರಿ ಎಲ್ಲೂ ಇಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಆಗಸ್ಟ್ 29.

ನ್ಯಾಚೆಜ್‌ಗೆ ಬರೆದು ವಿಚಾರಿಸಿದ್ದಕ್ಕೆ ಉತ್ತರ. ಮಾರಾಟವಾಗಿದೆ. ಕೊಂಡವನು ಹೆಸರು ಬಿಟ್ಟುಹೋಗಿಲ್ಲ. ಹೊಸ ಯಜಮಾನರು ಆಳಿನ ಹೆಸರನ್ನೂ ಬದಲಿಸುತ್ತಾರಂತೆ.

ಓದುತ್ತಿರುವಾಗಲೇ ಸೈಲಸ್ ಕಚೇರಿಗೆ ಬಂದ. ಪತ್ರ ಓದಿ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಮಾತು ಕೇಳ್ಲಾ ವಕೀಲ್ರೇ? ಮತದಾನ ಮುಗಿದ ಸಂಜೆ ನಾನು ನ್ಯಾಯಾಲಯದ ಕಿಟಕಿ ಹೊರಗಿದ್ದೆ. ನೀವು ಗೆಲ್ಲಲಿ ಅಂತ ಬಂದಿದ್ದೆ. ಅವರು ಮೂರು ಜನ ನಿಮ್ಮ ಹೆಸರು ಕೂಗಿದ್ದು ಕೇಳಿಸ್ತು. ನೀವು ಹೇಳಿದ್ದು ಗದ್ದಲದಲ್ಲಿ ಕೇಳಿಸ್ಲಿಲ್ಲ. ಎಲ್ಲರಿಗೂ ಹೇಳೋದನ್ನೇ ಅವರಿಗೂ ಹೇಳಿದ್ರಾ?"

ಪತ್ರವನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಅವನು ಕಾದು ಕಾದು, ಬಾಗಿಲು ಎಳೆದುಕೊಂಡು ಹೋದ.

ಇಲ್ಲಿಯಾದರೂ ಬರೆಯಬೇಕು. ಎದ್ದು ನಿಂತೆ. ಟೊಪ್ಪಿ ತೆಗೆದೆ. ಬಾಗಿದೆ. ಮೂರು ಸಲವೂ ನಾನು ಹೇಳಿದ್ದು — ಧನ್ಯವಾದ.