ಮಧ್ಯದಲ್ಲಿ ಬಿಟ್ಟುಹೋದವರು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಭಾವ ಸಿಗರೇಟು ನಿಜವಾಗಿ ಬಿಟ್ಟರೋ, ನಿನ್ನ ಮುಂದೆ ಮಾತ್ರ ಬಿಟ್ಟಿದ್ದಾರೋ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಚೆನ್ನಾಗಿ ಬೈದುಬಿಡು. ಕೆಲಸವಿತ್ತು ಅಂದರೆ ನೀನು ನಂಬುವವಳಲ್ಲ. ಧೈರ್ಯವಿರಲಿಲ್ಲ, ಅಷ್ಟೆ.

ಮೊದಲು ಸಿಹಿ ಸುದ್ದಿ. ಅಪ್ಪನ ಕಿಡ್ನಿ ನೋಡುತ್ತಿದ್ದ ದೊಡ್ಡ ಡಾಕ್ಟರು ಕೊನೆಗೂ ನಿವೃತ್ತರಾದರು. ಅವರ ಬೀಳ್ಕೊಡುಗೆಯಲ್ಲಿ ನಾನೂ ನಾಲ್ಕು ಮಾತಾಡಿ ಬಂದೆ. ಹೊಟ್ಟೆಗೆ ಹಾಲು ಹುಯ್ದ ಹಾಗಾಗಿದೆ.

ಅಪ್ಪ ನುಂಗುತ್ತಿದ್ದ ಬಿಳಿ ಮಾತ್ರೆ ನಿನಗೆ ಮರೆತಿರಲಾರದು. ಅದು ಕಿಡ್ನಿ ಉಳಿಸುತ್ತದೆಂದು ಬರೆದ ಪ್ರಬಂಧದಿಂದಲೇ ಅವರು ದೊಡ್ಡವರಾದದ್ದು. ನಮ್ಮ ಸಂಶೋಧನೆಯ ಕಸುಬಿನಲ್ಲಿ ಒಬ್ಬರ ತೂಕ ನೋಡುವುದು ಹೀಗೆ: ಅವರ ಪ್ರಬಂಧವನ್ನು ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆಂದು ಎಣಿಸುತ್ತಾರೆ. ಹೊಗಳಿದರೋ ಉಗಿದರೋ ಯಾರೂ ಕೇಳುವುದಿಲ್ಲ. ನಾನು ಈ ಓದು ಹಿಡಿದದ್ದೇ ಅವರಿಗಾಗಿ. ಅಪ್ಪನಂಥ ರೋಗಿಗಳಿಗೆ ಮಾತ್ರೆ ಕೊಟ್ಟು ಅವರು ನಡೆಸಿದ ಪ್ರಯೋಗದ ಮೂಲ ದಾಖಲೆ ತರಿಸಿಕೊಂಡು ಮತ್ತೆ ಲೆಕ್ಕ ಹಾಕಿದೆ. ಮಾತ್ರೆ ತಿಂದವರ ಕಿಡ್ನಿ ಬೇಗ ಕೆಟ್ಟಿತ್ತು. ಸತ್ತವರನ್ನು ಈ ಮಹಾಶಯರು ‘ಮಧ್ಯದಲ್ಲಿ ಬಿಟ್ಟುಹೋದವರು’ ಎಂಬ ಸಾಲಿಗೆ ಸೇರಿಸಿ ಲೆಕ್ಕದಿಂದ ಹೊರಗಿಟ್ಟಿದ್ದರು. ಅದರಲ್ಲಿ ಅಪ್ಪನೂ ಒಬ್ಬರು, ಹೆಸರಿಲ್ಲ, ಬರೀ ‘ರೋಗಿ ೧೭’. ಅರ್ಧ ಓದಿದ ಪೇಪರನ್ನೂ ಬಿಟ್ಟೇಳದ ನಮ್ಮಪ್ಪ!

ಆರು ವರ್ಷದ ಹಿಂದೆ ಇದನ್ನೆಲ್ಲ ಬರೆದು ಅಚ್ಚು ಹಾಕಿಸಿದೆ. ಮಾತ್ರೆ ನಿಂತಿತು. ಅಲ್ಲಿಂದೀಚೆಗೆ ಯಾರೇ ಅವರ ಪ್ರಬಂಧದ ಹೆಸರೆತ್ತಿದರೂ ಪಕ್ಕದಲ್ಲೇ ನನ್ನದನ್ನೂ ಇಟ್ಟು, ಇದು ಸುಳ್ಳೆಂದು ಸಾಬೀತಾಗಿದೆ ಎನ್ನುತ್ತಾರೆ. ಉಗಿದದ್ದೂ ಲೆಕ್ಕಕ್ಕೆ ಸೇರಿ ಅವರ ಸಂಖ್ಯೆ ಏರುತ್ತಲೇ ಹೋಯಿತು. ನಾನು ನೋಡುತ್ತಾ ಕಾದೆ.

ಅವತ್ತು ನಿರೂಪಣೆ ಮಾಡುತ್ತಿದ್ದ ಹುಡುಗಿ, ಪಾಪ, ಸಂಖ್ಯೆಯನ್ನಷ್ಟೇ ನೋಡಿಕೊಂಡು ಬಂದಿದ್ದಳು. ಎರಡು ಸಾವಿರಕ್ಕೂ ಹೆಚ್ಚು ಉಲ್ಲೇಖ ಎಂದು ಹೆಮ್ಮೆಯಿಂದ ಓದಿದಳು. ಸಭೆ ಚಪ್ಪಾಳೆ ತಟ್ಟಿತು, ಇವರು ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ, ಅವರ ಪ್ರಬಂಧದ ಮೇಲೆ ಬರೆದವಳೆಂದು ನನ್ನನ್ನೂ ಮಾತಿಗೆ ಕರೆದಳು.

“ಅವನ್ನೆಲ್ಲ ನಾನು ಓದಿದೀನಿ,” ಎಂದೆ. “ಸರ್ ಹೇಳಿದ್ದು ತಪ್ಪು ಅನ್ನೋದಕ್ಕೇ ಮುಕ್ಕಾಲು ಪಾಲು ಜನ ಸರ್ ಹೆಸರು ಹಾಕಿರೋದು. ನಾವು ಪಾಠದಲ್ಲೂ ಇಟ್ಕೊಂಡಿದೀವಿ, ಹೀಗೆ ಮಾಡಬಾರದು ಅಂತ ತೋರಿಸೋಕೆ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಲು ಒದ್ದಾಡಿದರು. ದೊಡ್ಡ ಡಾಕ್ಟರ ಮುಖ ಇಂಗು ತಿಂದ ಮಂಗನಂತಾಗಿತ್ತು. ನೀನು ನೋಡಬೇಕಿತ್ತು ಅಕ್ಕ.

ಲಿಫ್ಟಿನ ಹತ್ತಿರ ಹೂಗುಚ್ಛ ಹಿಡಿದುಕೊಂಡೇ ಅಡ್ಡ ಬಂದರು. ನನ್ನ ಮೇಲೆ ಇಷ್ಟು ವರ್ಷದಿಂದ ಏನಮ್ಮಾ ಹಗೆ ನಿನಗೆ ಎಂದು ಕೇಳಿದರು.

“ನಾನು ನಿಮ್ಮ ಹದಿನೇಳನೇ ರೋಗಿ ಮಗಳು.”

“ಯಾವ ಹದಿನೇಳು?”

ನಾಟಕವಲ್ಲ, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಬೇಕಾದರೆ ಪ್ರಬಂಧವನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇಲ್ಲಿಗೆ ಬಿಟ್ಟುಬಿಡು ಎಂದರು. ಜಾಣ! ಹಿಂದಕ್ಕೆ ತೆಗೆದರೆ ಎಲ್ಲರೂ ಮರೆಯುತ್ತಾರಲ್ಲ.

“ಅದೇನೂ ಬೇಡ,” ಎಂದೆ. “ಒಂದು ಸಾಲು ತಿದ್ದಿ ಸಾಕು. ಬಿಟ್ಟುಹೋದವರು ಅಂತ ಇರೋ ಕಡೆ ಸತ್ತವರು ಅಂತ ಹಾಕಿ, ನಿಮ್ಮ ಹೆಸರಲ್ಲೇ.”

ಹೂಗುಚ್ಛ ಸಮೇತ ಲಿಫ್ಟ್ ಹತ್ತಿ ಹೋದರು. ತಿದ್ದುಪಡಿ ಇನ್ನೂ ಬಂದಿಲ್ಲ. ಬರುವವರೆಗೂ ನನ್ನ ಪ್ರತಿ ಪ್ರಬಂಧದಲ್ಲೂ ಅವರನ್ನು ಉಲ್ಲೇಖಿಸುತ್ತೇನೆ. ನಿವೃತ್ತಿ ಅವರ ಕೆಲಸಕ್ಕೆ, ನನ್ನದಕ್ಕಲ್ಲ.

ಮಕ್ಕಳಿಗೆ ನನ್ನ ಮುತ್ತು, ಭಾವನಿಗೆ ನಮಸ್ಕಾರ. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ತಂಗಿ,
ಮೊಂಡಿ

ತಾ.ಕ.: ಅಪ್ಪ ಹೋದ ದಿನ ಆ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅಮ್ಮನಿಗೆ, ಮನೆಯಲ್ಲಿ ಮಾತ್ರೆ ಸರಿಯಾಗಿ ಕೊಟ್ಟಿಲ್ಲ ಎಂದಿದ್ದರು. ಕೊಡುತ್ತಿದ್ದವಳು ನೀನು. ಅಮ್ಮ ಸಾಯುವವರೆಗೂ ನಿನ್ನ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ. ನೀನು ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ ಅಕ್ಕ. ಅವರದೇ ದಾಖಲೆಯಲ್ಲಿ, ಅಪ್ಪನ ಪ್ರತಿ ರಕ್ತಪರೀಕ್ಷೆಯಲ್ಲೂ ಮದ್ದಿನ ಅಂಶ ಸಿಕ್ಕಿದೆ. ದಾಖಲೆ ನೋಡಿದ ದಿನವೇ ಇದನ್ನು ನಿನಗೆ ತಿಳಿಸಬೇಕಿತ್ತು. ಆದರೆ ಇಷ್ಟು ಬರೆದರೆ ಮಿಕ್ಕಿದ್ದನ್ನು ನೀನೇ ಲೆಕ್ಕ ಹಾಕುತ್ತೀಯ ಎಂದು ಕೈ ಏಳಲಿಲ್ಲ. ಅಪ್ಪ ಬೇಡವೆಂದು ಮುಖ ತಿರುಗಿಸಿದ ದಿನವೂ ನೀನು ಬಿಡದೆ, ಗದರಿಸಿ, ರಮಿಸಿ ನುಂಗಿಸಿದ್ದೆ. ಆ ಮನುಷ್ಯ ಅದನ್ನು ನಿನ್ನ ಕೈಯಿಂದ ಮಾಡಿಸಿದರು. ನಾನು ಅವರನ್ನು ಬಿಡದೆ ಇರುವುದು ಅದಕ್ಕೆ.