ಶನಿವಾರದ ಓಟ

ಪ್ರಫುಲ್ಲಾ,

ಪುಟ್ಟೀನ ಸೋಲ್ನಾ ಊರಿನ ಈಜು ಕ್ಲಾಸಿಗೆ ಕರ್ಕೊಂಡು ಹೋಗ್ತಿದ್ದೀನಿ.

ನನಗೆ ಈ ದೇಶದ ವರ್ಕ್ ಪರ್ಮಿಟ್ ಬರೋವರೆಗೂ ಶನಿವಾರ ಉಪವಾಸ ಅಂತ ಹರಕೆ ಹೊತ್ತಿದ್ದೀಯ, ನಾನೇನು ಹೇಳಲಿ? ಆದ್ರೆ ಹತ್ತು ಕಿಲೋಮೀಟರ್ ಓಟಾನೂ ಶನಿವಾರವೇ ಆಗಬೇಕಾ? ಹೋದ ವಾರ ನೀನು ಕಣ್ಣು ಕತ್ತಲೆ ಬಂದು ಲೇಕ್ ಹತ್ತಿರ ಕೂತುಬಿಟ್ಟಿದ್ದೆ. ಮಿಕ್ಕ ದಿನವೂ ಒಂದು ಚಪಾತಿಗೇ ಕೈ ತೊಳೀತೀಯ. ಹೊಟ್ಟೆಗಿಲ್ಲದೆ ಕಾಲಿಗೆ ಬಲ ಎಲ್ಲಿಂದ ಬರಬೇಕು? ಇಷ್ಟು ಓಡಿದ್ರೂ ವೇಗ ಹೆಚ್ಚಲಿಲ್ಲ, ಮುಖ ಮಾತ್ರ ಸೊರಗಿದೆ.

ಪರ್ಮಿಟ್ಟೂ ನನ್ನ ಕೈಯಲ್ಲಿಲ್ಲ, ನೀನೂ ನನ್ನ ಕೈಯಲ್ಲಿಲ್ಲ.

ಊಟದ ಟೇಬಲ್ ಕಡೆ ನೀನು ಬರಲ್ಲ, ಅದಕ್ಕೇ ಚೀಟಿ ನಿನ್ನ ಶೂನಲ್ಲಿಟ್ಟಿದ್ದೀನಿ. ಇನ್ನೊಂದು ಶೂನಲ್ಲಿ ಬಾಳೆಹಣ್ಣಿದೆ, ತಿಂದು ಓಡು. ಹಣ್ಣು ಉಪವಾಸಕ್ಕೆ ನಡೆಯುತ್ತೆ ಅಂತ ನಿಮ್ಮಮ್ಮನೇ ಹೇಳಿದ್ರು.

ತಿನ್ನೋ ವಸ್ತು ಶೂನಲ್ಲಿಟ್ಟ ಪಾಪ ನನಗೇ ಬರಲಿ. ದಯವಿಟ್ಟು ಅದಕ್ಕೂ ಒಂದು ಹರಕೆ ಹೊರಬೇಡ.

ಮಧು